ಏಪ್ರಿಲ್‌ನಲ್ಲಿ ಹುಲ್ಲು ನೋಡಿದವರು

ಅವರು ತೀರಿಕೊಂಡ ಮರುದಿನವೇ ಕಡೂರಿನ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತು. ಬಿಳಿ ಶರ್ಟು, ಕಪ್ಪು ಕನ್ನಡಕ, ಬೆನ್ನ ಹಿಂದೆ ಒಂದು ಜಲಪಾತ, ಸಾಲಾಗಿ ದೇವದಾರು ಮರ, ಮೂಲೆಯಲ್ಲೊಂದು ನವಿಲು. ಕೆಳಗೆ 'ಹಸಿರನ್ನೇ ಉಸಿರಾಡಿದ ಚೇತನ' ಎಂದು ಬರೆದಿತ್ತು. ಆ ಜಲಪಾತ ಯಾವ ದೇಶದ್ದು, ಆ ಮರ ಯಾವ ಬೆಟ್ಟದ್ದು ಎಂದು ಫ್ಲೆಕ್ಸ್ ಅಂಗಡಿಯವನಿಗೂ ಗೊತ್ತಿರಲಾರದು. ಕಡೂರಿನಿಂದ ಯಗಟಿವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಅಂಥ ಮರ ಒಂದೂ ಸಿಕ್ಕುವುದಿಲ್ಲ. ಆದರೆ ಅವರೇ ಎದ್ದು ಬಂದು ನೋಡಿದ್ದರೆ ಖಂಡಿತ ಮೆಚ್ಚಿಕೊಳ್ಳುತ್ತಿದ್ದರು. ನಮ್ಮ ಊರಿನ ನೆಲ ಹೀಗೇ ಇರಬೇಕಿತ್ತು ಎಂದು ಅವರು ಕೊನೆಯವರೆಗೂ ನಂಬಿದ್ದರು.

ಕಚೇರಿಯವರು ನನ್ನ ಬಳಿ ಬಂದರು. "ಮೇಡಂ, ಅವರ ಕೈಕೆಳಗೆ ಜಾಸ್ತಿ ಕಾಲ ಇದ್ದೋರು ನೀವೇ. ಶ್ರದ್ಧಾಂಜಲಿ ಸಭೆಗೆ ಎರಡು ಒಳ್ಳೇ ಮಾತು ಬರೆದುಕೊಡಿ" ಅಂದರು. ಎರಡೇ ಬರೆದುಕೊಟ್ಟೆ. ಹೊತ್ತಿಗೆ ಸರಿಯಾಗಿ ಕಚೇರಿಗೆ ಬರುತ್ತಿದ್ದರು, ಯಾರ ಹತ್ತಿರವೂ ಕೈ ಚಾಚಲಿಲ್ಲ. ಎರಡೂ ನಿಜ. ಸಭೆಯಲ್ಲಿ ಓದಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಸರ್ಕಾರಿ ಜಮೀನು ಕಾಪಾಡುವುದಕ್ಕೆಂದು ಇರುವ ಸಂಸ್ಥೆ. ಅರಸರ ಕಾಲದಲ್ಲಿ ಅಮೃತಮಹಲ್ ದನಗಳ ಮೇವಿಗೆ ಬಿಟ್ಟ ಹುಲ್ಲುಗಾವಲುಗಳಿಗೆ ಈ ಕಡೆ ಕಾವಲು ಅನ್ನುತ್ತೇವೆ. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಕಡೆ ಅವು ಅಲ್ಲೊಂದು ಇಲ್ಲೊಂದು ಉಳಿದಿವೆ. ಒತ್ತುವರಿಯಾಗಿ, ಸೈಟಾಗಿ, ತೋಟವಾಗಿ ಹೋದದ್ದು ಹೋಗಿ ಮಿಕ್ಕಿದ್ದು. ಆ ಮಿಕ್ಕಿದ್ದನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಅವರು ಹಿರಿಯ ಪ್ರಾಜೆಕ್ಟ್ ಅನಲಿಸ್ಟ್, ನಾನು ಗುತ್ತಿಗೆ ಮೇಲಿದ್ದ ಕಿರಿಯ ಅನಲಿಸ್ಟ್. ಒಂದು ಕಾವಲಿನ ಸ್ಥಿತಿ ಹೇಗಿದೆ, ಅಲ್ಲಿ ಏನು ಮಾಡಬೇಕು, ಮಾಡಿದರೆ ಏನು ಫಲ, ಇಷ್ಟನ್ನು ಮೇಲಿನವರು ತಲೆಯಾಡಿಸುವ ಹಾಗೆ ಬರೆಯುವುದು ಅನಲಿಸ್ಟ್ ಕೆಲಸ. ನಮ್ಮಮ್ಮನಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಹುಲ್ಲು ನೋಡೋಕೂ ಓದ್ಬೇಕೇನೇ?" ಅಂತಾಳೆ. ಓದಿದವರು ಹೇಗೆ ನೋಡುತ್ತಾರೆ ಎಂದು ಅವಳಿಗೆ ಹೇಳಿದರೆ ನನ್ನ ಫೀಸಿಗೆ ಸುರಿದ ದುಡ್ಡಿಗಾಗಿ ಅಳುತ್ತಾಳೆ.

ಅವರು ನೋಡುತ್ತಿದ್ದುದು ಏಪ್ರಿಲ್‌ನಲ್ಲಿ. ಕಣ್ಣಾರೆ ಅಲ್ಲ, ಉಪಗ್ರಹದ ಚಿತ್ರದಲ್ಲಿ. ಮಳೆಗಾಲದ ಚಿತ್ರಗಳಲ್ಲಿ ಅರ್ಧಕ್ಕರ್ಧ ಮೋಡ ಮುಚ್ಚಿರುತ್ತದೆ. ಅವರಿಗೆ ಮೋಡ ಕಂಡರೆ ಆಗುತ್ತಿರಲಿಲ್ಲ. ಕಂಪ್ಯೂಟರಿನ ಪರದೆಯನ್ನು ದಿನಾ ಬೆಳಗ್ಗೆ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ ಕೂರುವ ಮನುಷ್ಯ, ಚಿತ್ರದಲ್ಲೂ ಒಂದು ಕಲೆ ಇರಬಾರದು. ಹಾಗಾಗಿ ವರ್ಷದಲ್ಲೆಲ್ಲ ಅತ್ಯಂತ ಸ್ವಚ್ಛವಾದ ಚಿತ್ರವನ್ನು ಆರಿಸುತ್ತಿದ್ದರು. ನಮ್ಮ ಸೀಮೆಯಲ್ಲಿ ಆಕಾಶ ಯಾವಾಗ ಸ್ವಚ್ಛವಾಗಿರುತ್ತದೆ? ನೆಲ ಕಾದು ಹಂಚಾಗಿ, ಹುಲ್ಲು ಒಣಗಿ ಬೇರಿಗೆ ಇಳಿದು, ಮೇಲೆ ಬರೀ ಕೆಂಪು ಮಣ್ಣು ಕಾಣುವಾಗ. ಆ ಚಿತ್ರ ಮುಂದಿಟ್ಟುಕೊಂಡು 'ಬಂಜರು, ತುರ್ತು ಚಿಕಿತ್ಸೆ ಅಗತ್ಯ' ಎಂದು ಬರೆಯುತ್ತಿದ್ದರು. ಮೂರು ತಾಲ್ಲೂಕಿನ ಕಾವಲುಗಳಿಗೂ ಅದೇ ಷರಾ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ದಸರಾ ಹೊತ್ತಿಗೆ ತೆಗೆದ ಚಿತ್ರವೊಂದನ್ನು ಹುಡುಕಿ ತಂದು ತೋರಿಸಿದೆ. ಅದರಲ್ಲಿ ಅದೇ ನೆಲ ಹಸಿರಾಗಿತ್ತು. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಇದು ಸೀಸನ್ನು ಕಣ್ರೀ. ಸೀಸನ್ ನಂಬ್ಕೊಂಡು ವರದಿ ಬರೆಯೋಕಾಗುತ್ತಾ?" ಅಂದರು. ಏಪ್ರಿಲ್ ಯಾವ ಕಾಲಕ್ಕೂ ಸೇರದ ಶಾಶ್ವತ ಸತ್ಯ ಅನ್ನುವ ಹಾಗೆ. ಆಮೇಲೆ ಅವರ ಮಂತ್ರ ಬಂತು: "ಭಾವನೆ ಬೇಡ. ಡೇಟಾ ಕೊಡಿ."

ಅವತ್ತು ಸಂಜೆ ಅಜ್ಜಂಪುರದ ಮನೆಗೆ ಹೋಗುವ ರೈಲಿನಲ್ಲಿ ಕೂತು ಹಲ್ಲು ಕಡಿದೆ. ಆಮೇಲೆ ಅದು ಅಭ್ಯಾಸವೇ ಆಯಿತು.

ಜಾಗಕ್ಕೆ ಹೋಗುತ್ತಿರಲಿಲ್ಲ ಎಂದಲ್ಲ, ಹೋಗುತ್ತಿದ್ದರು. ಕಡೂರಿನಲ್ಲಿ ಊಟ ಮುಗಿಸಿ, ಒಂದು ಲೋಟ ಮಜ್ಜಿಗೆ ಕುಡಿದು, ಜೀಪು ಹತ್ತಿ, ಕಾವಲಿನ ಪಕ್ಕದ ರಸ್ತೆಯಲ್ಲಿ ಇಳಿಯುತ್ತಿದ್ದರು. ಇಳಿದು ಒಂದು ಕಾಲು ಡಾಂಬರಿನ ಮೇಲೆ, ಇನ್ನೊಂದು ಕಾಲು ಮಣ್ಣಿನ ಮೇಲೆ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸಿ, "ಸರಿ, ಕಂಡಿತು" ಎನ್ನುತ್ತಿದ್ದರು. ಆ 'ಕಂಡಿತು' ನನ್ನ ಕಿವಿಯಲ್ಲಿ ಈಗಲೂ ಇದೆ. ಡ್ರೈವರ್ ನಂಜಪ್ಪ ಅಷ್ಟು ಹೊತ್ತು ಇಂಜಿನ್ ಆರಿಸುತ್ತಲೂ ಇರಲಿಲ್ಲ. "ಆರ್ಸೋದ್ರೊಳಗೆ ನೋಡಿ ಮುಗ್ಸಿರ್ತಾರೆ ಮೇಡಂ, ಡೀಸೆಲ್ ಲೆಕ್ಕ ಹಾಕಿದ್ರೆ ಇದೇ ಲಾಭ" ಅಂತಿದ್ದ.

ಖಾಲಿ ಜಾಗ ಕಂಡರೆ ಅವರಿಗೆ ಸಂಕಟವಾಗುತ್ತಿತ್ತು. ಇದು ಕಾವಲಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಮನೆಯ ಅಂಗಳದಲ್ಲಿ ಕಾಲಿಡಲು ಜಾಗ ಬಿಡದೆ ಕುಂಡ ಜೋಡಿಸಿದ್ದರು. ಕಚೇರಿಯ ಗೋಡೆಯಲ್ಲಿ ಒಂದು ಗೇಣು ಬರಿದಾಗಿದ್ದರೂ ಕ್ಯಾಲೆಂಡರ್ ತೂಗಿಸುತ್ತಿದ್ದರು. ಮದುವೆ ಊಟದಲ್ಲಿ ಅವರ ಪಕ್ಕ ಕೂತವರಿಗೆ ಗೊತ್ತು, ಎಲೆಯ ಮೇಲೆ ಖಾಲಿ ಕಂಡರೆ ಬಡಿಸುವವರನ್ನು ಕೂಗಿ ಕರೆದು ಏನಾದರೂ ಹಾಕಿಸಿಕೊಳ್ಳುತ್ತಿದ್ದರು. ತಿನ್ನುತ್ತಿರಲಿಲ್ಲ. ಹಾಗೇ ಕಾವಲಿಗೂ ಹಾಕಿಸಿದರು. ಜೆಸಿಬಿ ತರಿಸಿ ಉದ್ದಕ್ಕೆ ಟ್ರೆಂಚು ಹೊಡೆಸಿದರು, ಗುಂಡಿ ತೋಡಿಸಿದರು, ಅಕೇಶಿಯಾ ಸಸಿ ನೆಡಿಸಿದರು. ಬೀರೂರು ಕಡೆಯ ಒಂದು ಕಾವಲಿನಲ್ಲಿ ಮೊದಲ ವರ್ಷ ದನವೊಂದು ಟ್ರೆಂಚಿಗೆ ಬಿದ್ದು ಕಾಲು ಮುರಿದುಕೊಂಡಿತು. ಎರಡನೇ ವರ್ಷ ಸಸಿ ಮೇಲೆದ್ದವು. ಆಮೇಲೆ ಅವುಗಳ ನೆರಳಿಗೆ ಹುಲ್ಲು ಹೋಯಿತು, ಹುಲ್ಲಿಲ್ಲದ್ದಕ್ಕೆ ದನ ಹೋದವು. ಈಗ ಅಲ್ಲಿ ಒಣಗಿದ ಎಲೆ ಬಿಟ್ಟರೆ ಏನಿಲ್ಲ. ಆದರೆ ಫೋಟೋದಲ್ಲಿ ಅದು ಕಾಡು. ಆ ಫೋಟೋ ಅವರಿಗೆ ಒಂದು ಶಾಲು, ಒಂದು ಹಾರ, ಗಾಜಿನ ಪೆಟ್ಟಿಗೆಯಲ್ಲಿಡುವ ಒಂದು ಫಲಕ ತಂದುಕೊಟ್ಟಿತು.

ಒಳ್ಳೆಯತನ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಆದರೆ ಅದಕ್ಕೂ ವಾರದ ವರದಿ ಇರುತ್ತಿತ್ತು. ನಮ್ಮ ತಂದೆಗೆ ಎದೆನೋವು ಬಂದಾಗ ತಾವೇ ಜೀಪು ಕಳಿಸಿದರು. ಅದನ್ನು ನಾನು ಮರೆತಿಲ್ಲ. ಮರೆಯಲು ಅವರು ಬಿಡಲಿಲ್ಲ. ಪ್ರತಿ ಸೋಮವಾರ, ಹೊರಗಿನಿಂದ ಯಾರಾದರೂ ಬಂದು ಕೂತಿದ್ದರೆ, "ಇವರ ಫಾದರ್ ಇವತ್ತು ಇದ್ದಾರೆ ಅಂದ್ರೆ ಅವತ್ತು ಜೀಪು ಹೋಯ್ತಲ್ಲ, ಅದಕ್ಕೆ" ಎಂದು ಶುರು ಮಾಡುತ್ತಿದ್ದರು. ಕೊನೆಕೊನೆಗೆ ನಮ್ಮ ತಂದೆಯೇ, "ಆ ಮನುಷ್ಯಂಗೆ ಒಂದು ಸಾಷ್ಟಾಂಗ ಹಾಕಿ ಬಂದ್ಬಿಡ್ತೀನಿ, ಬಾಯಿ ಮುಚ್ಕೋತಾರಾ ಕೇಳು" ಅಂದರು.

ಅವರ ನಿವೃತ್ತಿಗೆ ಇನ್ನು ಕೆಲವೇ ತಿಂಗಳು ಇದ್ದಾಗ ಬಸವನಬೋರೆ ಕಾವಲಿನ ಫೈಲು ಬಂತು. ಯಗಟಿ ಕಡೆ, ಮುಖ್ಯ ರಸ್ತೆಯಿಂದ ಒಳಗೆ, ಬೋರೆ ಅನ್ನುವ ಒಂದು ಸಣ್ಣ ಕಲ್ಲುಗುಡ್ಡದ ಸುತ್ತ ಹರಡಿದ ನೆಲ. ಅದನ್ನು ಗೋದಾಮು ಕಟ್ಟಲು ಕೊಡಬೇಕೆಂದು ಪ್ರಸ್ತಾವ. ಕೊಡುವುದಕ್ಕೆ ಕಾರಣ: ಆ ಜಮೀನು ಬಂಜರು, ಯಾವ ಉಪಯೋಗಕ್ಕೂ ಇಲ್ಲ. ಆಧಾರ: ಜಮೀನು ಕಾಯುವ ಸಂಸ್ಥೆಯೇ ಹಿಂದೆ ಕೊಟ್ಟಿರುವ ವರದಿ. ಅಂದರೆ ಅವರದೇ ವರದಿ, ಕೆಳಗೆ ಅವರದೇ ದುಂಡನೆ ಸಹಿ. ಕಾಯುವುದಕ್ಕೆಂದು ಇಟ್ಟವರು ಬರೆದ ಕಾಗದವನ್ನೇ ಗೋದಾಮಿನವರು ಕತ್ತಿ ಮಾಡಿಕೊಂಡು ಬಂದಿದ್ದರು. ಅವರು ಫೈಲನ್ನು ಎರಡು ಸಲ ಓದಿ, ಮುಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಅವತ್ತು ಅವರು ಮಧ್ಯಾಹ್ನದ ಡಬ್ಬಿ ಬಿಚ್ಚಲಿಲ್ಲ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು.

ಆ ಖುಷಿ ಒಂದು ವಾರ ಇತ್ತು. ಆಮೇಲೆ ರಂಗಮ್ಮ ಬಂದಳು.

ರಂಗಮ್ಮ ಬಸವನಬೋರೆ ಪಕ್ಕದ ಹಳ್ಳಿಯವಳು. ಗಂಡ ಇಲ್ಲ. ಅವಳ ಮನೆ, ಮೊಮ್ಮಗಳ ಓದು, ಎಲ್ಲ ನಡೆಯುವುದು ಅವಳ ಕುರಿಮಂದೆಯ ಮೇಲೆ. ಆ ಕಾವಲು ಬಿಟ್ಟರೆ ಮೇಯಿಸಲು ಬೇರೆ ಜಾಗವಿಲ್ಲ. ಕಚೇರಿಯೊಳಗೆ ಬಂದವಳು ಚಪ್ಪಲಿ ಬಿಡಲಿಲ್ಲ, ನಮಸ್ಕಾರ ಹಾಕಲಿಲ್ಲ.

"ಯಾರಪ್ಪಾ ಇಲ್ಲಿ ಬರ್ದೋರು, ಬಸವನಬೋರೇಲಿ ಹುಲ್ಲಿಲ್ಲ ಅಂತ?" ಅಂದಳು.

ಅವರು ಎದ್ದು ನಿಂತರು. ಅಪರಾಧಿ ಎದ್ದು ನಿಂತಂತೆ ಅಲ್ಲ, ಭಾಷಣಕಾರ ಎದ್ದಂತೆ. "ನೋಡಮ್ಮಾ, ತಾಂತ್ರಿಕವಾಗಿ ಹೇಳ್ಬೇಕು ಅಂದ್ರೆ..."

"ತಾಂತ್ರಿಕ ಗೀಂತ್ರಿಕ ನಂಗೊತ್ತಿಲ್ಲ ಸ್ವಾಮಿ. ನನ್ ಕುರಿ ಎಲ್ಗೆ ಹೊಡ್ಕೊಂಡ್ ಹೋಗ್ಲಿ ಹೇಳಿ. ತೋಟಕ್ ಬಿಟ್ರೆ ಕಾಲ್ ಮುರೀತಾರೆ, ರೋಡಿಗ್ ಬಿಟ್ರೆ ಲಾರಿ ಹರೀತದೆ. ನಿಮ್ ಆಫೀಸೊಳಗೆ ಕಟ್ಲಾ?"

ಅವರು ಸುತ್ತ ನೋಡಿದರು. ಕಚೇರಿಯಲ್ಲಿ ಖಾಲಿ ಜಾಗ ಇರಲಿಲ್ಲ, ಎಲ್ಲ ಕಡೆ ಅವರ ಫಲಕಗಳು. ರಂಗಮ್ಮನಿಗೆ ಟೀ ತರಿಸಿದರು. ಅವಳು ಕುಡಿಯಲಿಲ್ಲ. "ಕಾವಲು ಹೋದ್ರೆ ಮಂದೆ ಮಾರ್ಬೇಕು, ಮಂದೆ ಮಾರಿದ್ರೆ ನಾನು ಕೂಲಿಗ್ ಹೋಗ್ಬೇಕು. ಈ ವಯಸ್ನಾಗೆ ಯಾರ್ ಕರೀತಾರೆ ನನ್ನ? ಅಷ್ಟ್ ಮಾತ್ರ ಹೇಳಿ ಹೋಗಾನ ಅಂತ ಬಂದೆ ಕಣವ್ವ" ಎಂದು ನನ್ನ ಕಡೆ ತಿರುಗಿ ಹೇಳಿ ಹೊರಟಳು. ನನ್ನ ಖುಷಿ ಅಲ್ಲಿಗೆ ಮುಗಿಯಿತು. ಅವರ ಮುಖಕ್ಕೆ ಮಸಿ ಬಳಿಯಲಿ ಎಂದು ಕಾದು ಕೂತರೆ ಆ ಮಸಿ ಹೋಗಿ ಬೀಳುವುದು ಇವಳ ಮನೆಯ ಮೇಲೆ.

ದೀಪಾವಳಿ ಕಳೆದು ಎರಡು ದಿನಕ್ಕೆ ಅವರು ಮೊದಲ ಬಾರಿಗೆ, "ನಡೀರಿ, ಒಳಗೆ ಹೋಗಿ ನೋಡೋಣ" ಅಂದರು. ನಂಜಪ್ಪ ಇಂಜಿನ್ ಆರಿಸಲೋ ಬೇಡವೋ ಎಂದು ನನ್ನ ಮುಖ ನೋಡಿದ. ಆರಿಸು ಎಂದು ಕಣ್ಣಲ್ಲೇ ಹೇಳಿದೆ. ಆ ವರ್ಷ ಮಳೆ ಚೆನ್ನಾಗಿ ಬಿದ್ದಿತ್ತು. ಬೋರೆಯ ಸುತ್ತ ಹುಲ್ಲು ತೊಡೆಯವರೆಗೆ ಬೆಳೆದು, ತೆನೆ ಬಿಟ್ಟು, ಗಾಳಿ ಬಂದಾಗಲೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಣ್ಣ ಬದಲಾಗುತ್ತಿತ್ತು. ಒಂದು ಕಡೆ ಬೆಳ್ಳಗೆ, ಇನ್ನೊಂದು ಕಡೆ ತಾಮ್ರದ ಹಾಗೆ. ಅವರು ನಡೆದರು. ನಾನು ಹಿಂದೆ. ಬೋರೆಯ ಹತ್ತಿರ ಬಂದಾಗ ಹುಲ್ಲೊಳಗಿಂದ ಜಿಂಕೆಗಳು ಎದ್ದು ಚಿಮ್ಮಿ ಓಡಿದವು, ಮುಂದೆ ಕರೀ ಬೆನ್ನಿನ ಗಂಡು, ಹಿಂದೆ ಹೆಣ್ಣುಗಳು. ಅವರು ಬೆದರಿ ನನ್ನ ತೋಳು ಹಿಡಿದುಕೊಂಡರು. ಸುಧಾರಿಸಿಕೊಂಡು, "ಇವು ನಮ್ಮ ಡೇಟಾದಲ್ಲಿ ಇಲ್ವಲ್ರೀ" ಅಂದರು, ತಪ್ಪು ಜಿಂಕೆಗಳದ್ದು ಎನ್ನುವಂತೆ.

ಬೋರೆಯ ಕಲ್ಲಿನ ಮೇಲೆ ಕೂತರು. ಹುಲ್ಲಿನ ಚೂಪು ಮುಳ್ಳುಗಳು ಅವರ ಸಾಕ್ಸಿನ ತುಂಬ ಚುಚ್ಚಿಕೊಂಡಿದ್ದವು. ಒಂದೊಂದಾಗಿ ಕೀಳುತ್ತಾ ಕೂತರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. 'ನಾನು ತಪ್ಪಿದೆ' ಎಂಬ ಎರಡು ಶಬ್ದ. ಅಷ್ಟು ಹೇಳಿದ್ದರೆ ಅಷ್ಟು ವರ್ಷದ ಸಿಟ್ಟನ್ನು ಅಲ್ಲೇ ಬಿಟ್ಟು ಬರುತ್ತಿದ್ದೆ. ಅವರು ಕೊನೆಯ ಮುಳ್ಳು ಕಿತ್ತು, ಬಿಸಿಲಿಗೆ ಹಿಡಿದು ನೋಡಿ, "ಒಳ್ಳೇ ಸಾಕ್ಸು ಹಾಳಾಯ್ತು" ಅಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಬಂಜರು ಎಂದು ಬರೆದ ಮೇಲೂ ಬಸವನಬೋರೆಗೆ ಜೆಸಿಬಿ ಯಾಕೆ ಬರಲಿಲ್ಲ? ಟ್ರೆಂಚಿಗೂ ಸಸಿಗೂ ಮಂಜೂರಾತಿ ಸಿಕ್ಕಿತ್ತು. ಅವರೇ ಕೊನೇ ಗಳಿಗೆಯಲ್ಲಿ ಕೆಲಸವನ್ನು ಬೀರೂರು ಕಡೆಗೆ ವರ್ಗಾಯಿಸಿದ್ದರು. ಕಾರಣ ಕೇಳಿದಾಗ, "ಬಸವನಬೋರೆ ರಸ್ತೆಯಿಂದ ಕಾಣಲ್ಲ ಕಣ್ರೀ. ಯಾರು ಬಂದು ನೋಡ್ತಾರೆ?" ಅಂದಿದ್ದರು. ಅವರ ಜಂಬ ಒಂದು ಕಾವಲನ್ನು ಕೊಂದು ಇನ್ನೊಂದನ್ನು ಉಳಿಸಿತ್ತು. ರಸ್ತೆ ಇನ್ನೊಂದು ಚೂರು ಹತ್ತಿರ ಇದ್ದಿದ್ದರೆ ಅವತ್ತು ಅವರ ಸಾಕ್ಸಿಗೆ ಚುಚ್ಚಲು ಹುಲ್ಲೇ ಇರುತ್ತಿರಲಿಲ್ಲ.

ಗೋದಾಮಿನ ಪ್ರಸ್ತಾವದ ಮೇಲೆ ತರೀಕೆರೆಯಲ್ಲಿ ಸಭೆ. ಕಾವಲು ಕೊಡಬಾರದೆಂದು ನಮ್ಮ ಸಂಸ್ಥೆ ಆಕ್ಷೇಪ ಸಲ್ಲಿಸಿತ್ತು. ನಾನು ರಾತ್ರಿ ಹಗಲು ಕೂತು ಒಂದು ವರದಿ ಮಾಡಿದ್ದೆ. ಮಳೆಗಾಲದ ಚಿತ್ರ, ಬೇಸಿಗೆ ಚಿತ್ರ, ಎರಡರ ಹೋಲಿಕೆ, ಹುಲ್ಲಿನ ಜಾತಿಗಳು, ಜಿಂಕೆಯ ಫೋಟೋ. ಹಿಂದಿನ ವರದಿಯಲ್ಲಿ ಚಿತ್ರದ ಆಯ್ಕೆ ತಪ್ಪಾಗಿತ್ತು ಎಂದು ಮರ್ಯಾದೆಯ ಭಾಷೆಯಲ್ಲಿ ಬರೆದಿದ್ದೆ. ಜೀಪಿನಲ್ಲಿ ಅವರು ಆ ಪುಟ ಓದಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಇವರು ಇದನ್ನು ಒಪ್ಪುವುದಿಲ್ಲ, ಕಾವಲು ಹೋಯಿತು ಎಂದುಕೊಂಡೆ.

ಸಭೆಯ ಹಿರಿಯ ಅಧಿಕಾರಿ ನೇರವಾಗಿ ಕೇಳಿದರು. "ನೀವೇ ಬಂಜರು ಅಂತ ಬರೆದಿದ್ದೀರಿ. ಈಗ ನೀವೇ ಕೊಡಬಾರದು ಅಂತೀರಿ. ಯಾವುದು ನಿಜ?"

ನಾನು ನನ್ನ ವರದಿ ಬಿಚ್ಚಿದೆ. ಅವರು ನನ್ನ ಕೈ ಮೇಲೆ ಕೈ ಇಟ್ಟು ತಡೆದು ಎದ್ದರು. ಶರ್ಟು ಎಳೆದು ಸರಿಮಾಡಿಕೊಂಡರು.

"ಎರಡೂ ನಿಜ ಸಾರ್. ಅವತ್ತು ಬಂಜರಾಗಿತ್ತು. ಅದನ್ನ ಗುರುತಿಸಿದ್ದೇ ನಾನು. ಆಮೇಲೆ ನಾವು ಅಲ್ಲಿ ಒಂದು ಹೊಸ ವಿಧಾನ ಪ್ರಯೋಗ ಮಾಡಿದ್ವಿ. ಟ್ರೆಂಚ್ ಇಲ್ಲ, ಗುಂಡಿ ಇಲ್ಲ, ಸಸಿ ಇಲ್ಲ. ನೆಲವನ್ನ ಮುಟ್ಟದೆ, ತಾನಾಗಿ ಚೇತರಿಸಿಕೊಳ್ಳೋಕೆ ಬಿಡೋದು. ಸಹಜ ಪುನಶ್ಚೇತನ. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಇವತ್ತು ಅಲ್ಲಿ ತೊಡೆ ಮಟ್ಟ ಹುಲ್ಲಿದೆ. ಇಡೀ ಸೀಮೆಯಲ್ಲಿ ಹೀಗೆ ಚೇತರಿಸಿಕೊಂಡ ಕಾವಲು ಅದೊಂದೇ ಸಾರ್. ಯಶಸ್ವಿಯಾದ ಪ್ರಯೋಗದ ಮೇಲೆ ಗೋದಾಮು ಕಟ್ತೀವಿ ಅಂದ್ರೆ ನಾಳೆ ಕೇಳೋರಿಗೆ ಏನು ಹೇಳೋದು?"

ನನ್ನ ಮೈ ಉರಿದುಹೋಯಿತು. ಯಾರೂ ಬಿತ್ತದೆ, ಯಾರೂ ಕೇಳದೆ, ಅರಸರಿಗೂ ಮುಂಚಿನಿಂದ ಬೆಳೆಯುತ್ತಾ ಬಂದ ಹುಲ್ಲನ್ನು ಈ ಮನುಷ್ಯ ನಿಂತ ನಿಲುವಿನಲ್ಲಿ ತನ್ನ ಹೆಸರಿಗೆ ಖಾತೆ ಮಾಡಿಕೊಂಡಿದ್ದರು. ಅಧಿಕಾರಿ ನನ್ನ ಕಡೆ ತಿರುಗಿದರು.

"ನೀವು ಜಾಗ ನೋಡಿದ್ದೀರಾ?"

"ನೋಡಿದ್ದೀನಿ ಸಾರ್. ಹುಲ್ಲಿದೆ."

"ಮೊದಲು ಇರಲಿಲ್ಲವಾ?"

ನನ್ನ ವರದಿ ಕೈಯಲ್ಲೇ ಇತ್ತು. ಬಾಯಿ ಬಿಟ್ಟರೆ ಅವರ ಮಾನ ಹೋಗುತ್ತಿತ್ತು, ಜೊತೆಗೆ ಸಂಸ್ಥೆಯ ಮಾತಿನ ಬೆಲೆ ಹೋಗಿ, ಕಾವಲೂ ಹೋಗುತ್ತಿತ್ತು. ರಂಗಮ್ಮನ ಕುರಿಗಳು ಕಣ್ಣ ಮುಂದೆ ಬಂದವು.

"ಚಿತ್ರದಲ್ಲಿ ಇರಲಿಲ್ಲ ಸಾರ್" ಅಂದೆ.

ಅಧಿಕಾರಿ ತಲೆಯಾಡಿಸಿ, ಗೋದಾಮಿಗೆ ಬೇರೆ ಜಾಗ ನೋಡಲು ಹೇಳಿದರು. ನನ್ನ ವರದಿಯನ್ನು ಯಾರೂ ಕೇಳಲೂ ಇಲ್ಲ.

ವಾಪಸು ಬರುವಾಗ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಅವರೇ ಮಾತು ತೆಗೆದರು. "ಸುಳ್ಳು ಅಂತ ಸಿಟ್ಟಾ? ನಾನು ತಪ್ಪು ಬರೆದಿದ್ದೆ ಅಂತ ಒಪ್ಕೊಂಡಿದ್ರೆ ಏನು ಕೇಳ್ತಿದ್ರು ಗೊತ್ತಾ? ಅವತ್ತಿನದು ತಪ್ಪಾದ್ರೆ ಇವತ್ತಿನದು ಯಾಕೆ ಸರಿ ಅಂತ ಕೇಳ್ತಿದ್ರು. ಸೋತವನ ಮಾತು ಯಾರು ಕೇಳ್ತಾರ್ರೀ? ಗೆದ್ದವನದು ಕೇಳ್ತಾರೆ." ಅದರಲ್ಲಿ ಹುರುಳಿತ್ತು, ಅದೇ ನನಗೆ ಇನ್ನಷ್ಟು ಉರಿ. ಆದರೆ ಜೀಪು ಬೀರೂರು ದಾಟುವಷ್ಟರಲ್ಲಿ ಅವರ ಮಾತು ಬದಲಾಗಿತ್ತು. "ಅವತ್ತು ಕೆಲಸ ಬೀರೂರಿಗೆ ಶಿಫ್ಟ್ ಮಾಡಿದ್ನಲ್ಲ, ಆಗಲೇ ನನ್ನ ಮನಸ್ಸಲ್ಲಿ ಈ ಯೋಚನೆ ಇತ್ತು ಕಣ್ರೀ" ಅಂದರು. ಕಡೂರು ಸೇರುವ ಹೊತ್ತಿಗೆ ತಾವೇ ಪೂರ್ತಿ ನಂಬಿಬಿಟ್ಟಿದ್ದರು. ನಂಜಪ್ಪ ಕನ್ನಡಿಯಲ್ಲಿ ನನ್ನ ನೋಡಿ ಮೀಸೆಯಡಿಯಲ್ಲಿ ನಕ್ಕ.

ಕಾವಲು ಉಳಿದ ಸುದ್ದಿ ಹೇಳಲು ಅವರು ಖುದ್ದು ರಂಗಮ್ಮನ ಬಳಿಗೆ ಹೋದರು. ನಾನೂ ಇದ್ದೆ. ಮಂದೆಯ ನಡುವೆ ನಿಂತು, ಈ ಹುಲ್ಲು ಹೇಗೆ ಬಂತು, ತಾವು ಏನೇನು ಯೋಚಿಸಿ ಇದನ್ನು ಬೆಳೆಸಿದ್ದು ಎಂದು ವಿವರಿಸಿದರು. ರಂಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಎಲ್ಲಕ್ಕೂ ಹೂಂಗುಟ್ಟಿದಳು, ಕೈ ಮುಗಿದಳು, "ನೀವು ಪುಣ್ಯಾತ್ಮರು ಸ್ವಾಮಿ" ಅಂದಳು. ಅವರು ಜೀಪಿನ ಕಡೆ ಹೋದ ಮೇಲೆ ನನ್ನ ಹತ್ತಿರ ಬಂದಳು.

"ಹುಲ್ಲೂ ಅವರೇ ಹುಟ್ಸಿದ್ದು ಅಂತೀನಿ, ನಮ್ಮಪ್ಪನ್ನೂ ಅವರೇ ಹುಟ್ಸಿದ್ದು ಅಂದ್ರೆ ಅದುಕ್ಕೂ ಹೂಂ ಅಂತೀನಿ ಕಣವ್ವ. ನನ್ ಕುರಿಗೆ ಮೇವಿದ್ರೆ ಸಾಕು."

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅವರು ನಿವೃತ್ತರಾದ ಮೇಲೆ ಮೇಲಿನಿಂದ ಒಂದು ಆದೇಶ ಬಂತು. ಖರ್ಚಿಲ್ಲದ ವಿಧಾನ ಎಂದರೆ ಯಾರಿಗೆ ಬೇಡ? ಬಸವನಬೋರೆಯ ಪ್ರಯೋಗವನ್ನು ಮೂರೂ ತಾಲ್ಲೂಕಿನ ಕಾವಲುಗಳಿಗೆ ಹರಡಬೇಕು, ಅದಕ್ಕೆ ಒಂದು ಕೈಪಿಡಿ ಮಾಡಬೇಕು, ರೂಪಿಸಿದವರ ಹೆಸರು ಮೇಲೆ ಇರಬೇಕು. ಬರೆಯುವ ಕೆಲಸ ನನ್ನದು. ಅವರ ಹಳೇ ಕುರ್ಚಿಯಲ್ಲಿ ಕೂತು ಅವರ ಸುಳ್ಳಿಗೆ ನಾನು ಶಾಸ್ತ್ರ ಬರೆಯಬೇಕಾಗಿತ್ತು.

ಬರೆಯಲು ಕೂತಾಗ ಅವರ ಫೋನು ಶುರುವಾಯಿತು. ದಿನಾ. ಕಡೆಗೆ ಒಂದು ದಿನ ತಾವೇ ಬಂದರು. ಈಗ ಎದುರಿಗೆ, ಬಂದವರು ಕೂರುವ ಕುರ್ಚಿಯಲ್ಲಿ. ಜೇಬಿನಿಂದ ಮಡಿಸಿದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಬಸವನಬೋರೆಗೆ ಎರಡನೇ ಹಂತ. ಬೋರೆಯ ಸುತ್ತ ಟ್ರೆಂಚು, ಅಂಚಿನಲ್ಲಿ ಸಸಿ, ಒಂದು ವೀಕ್ಷಣಾ ಗೋಪುರ, ಅಲ್ಲಿವರೆಗೆ ರಸ್ತೆ.

"ಸಾರ್, ನೆಲ ಮುಟ್ಟಬಾರದು ಅನ್ನೋದೇ ವಿಧಾನ ಅಂತ ನೀವೇ ಹೇಳಿದ್ರಿ."

"ಅದು ಮೊದಲನೇ ಹಂತ ಕಣ್ರೀ. ಬರೀ ಏನೂ ಮಾಡಬೇಡಿ ಅಂತ ಪುಸ್ತಕ ಮಾಡಿದ್ರೆ ಜನ ನಗಲ್ವಾ?" ಅಂದರು. ಆಮೇಲೆ ದನಿ ತಗ್ಗಿತು. "ಏನೂ ಮಾಡದೇನೇ ಹುಲ್ಲು ಬರುತ್ತೆ ಅಂದ್ರೆ, ನಾನು ಇಷ್ಟು ವರ್ಷ ಮಾಡಿದ್ದು ಏನು ಹೇಳಿ?"

ಆ ಮನುಷ್ಯನ ಬಾಯಿಂದ ಅಂಥ ಪ್ರಶ್ನೆ ನಾನು ಕೇಳಿದ್ದು ಅದೊಂದೇ ಸಲ. ಅಯ್ಯೋ ಪಾಪ ಅನ್ನಿಸಿತು, ನಿಜವಾಗಿ ಅನ್ನಿಸಿತು. ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. "ನೋಡೋಣ ಸಾರ್" ಎಂದು ಟೀ ತರಿಸಿದೆ. ಆದರೆ ಆ ಹಾಳೆ ಕೈಪಿಡಿಗೆ ಹೋದರೆ ಮುಂದಿನ ಬೇಸಿಗೆಗೆ ಬಸವನಬೋರೆಯಲ್ಲಿ ಜೆಸಿಬಿ ಇಳಿಯುತ್ತಿತ್ತು. ಗೋದಾಮಿನವರಿಂದ ಉಳಿದದ್ದು ಉಳಿಸಿದವರ ಕೈಯಲ್ಲೇ ಸಾಯುತ್ತಿತ್ತು.

ಅಚ್ಚಾದ ಕೈಪಿಡಿ ತೆಗೆದುಕೊಂಡು ಅವರ ಮನೆಗೆ ಹೋದೆ. ತೆಳ್ಳಗಿನ ಪುಸ್ತಕ. ರಕ್ಷಾಪುಟದ ಮೇಲೆ ಅವರ ಹೆಸರು ದಪ್ಪಕ್ಷರದಲ್ಲಿ. ಅವರು ಮೊದಲು ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ಪುಟ ತಿರುಗಿಸಿದರು. ಅಗೆಯಬಾರದು. ನೆಡಬಾರದು. ಕಾವಲಿನ ಸ್ಥಿತಿಯನ್ನು ಬೇಸಿಗೆಯ ಚಿತ್ರ ನೋಡಿ ತೀರ್ಮಾನಿಸಬಾರದು, ಮಳೆ ಮುಗಿದ ಮೇಲೆ ಒಳಗೆ ನಡೆದು ಹೋಗಿ ನೋಡಬೇಕು. ಮೊದಲಿಂದ ಮೇಯುತ್ತಿರುವ ದನಕುರಿಗಳನ್ನು ಓಡಿಸಬಾರದು. ಕೊನೆಯ ಪುಟದವರೆಗೂ ಹೋಗಿ, ಮತ್ತೆ ಹಿಂದಕ್ಕೆ ತಿರುಗಿಸಿ ಹುಡುಕಿದರು.

"ಟ್ರೆಂಚು ಎಲ್ರೀ?"

"ನಿಮ್ಮ ವಿಧಾನದಲ್ಲಿ ಟ್ರೆಂಚು ಇಲ್ಲ ಸಾರ್. ತರೀಕೆರೆ ಸಭೆಯಲ್ಲಿ ನೀವು ಹೇಳಿದ್ದು ನಡಾವಳಿಯಲ್ಲಿದೆ. ಅದರ ಮೇಲೇ ಕಾವಲು ಉಳೀತು. ನಾನು ಒಂದಕ್ಷರ ಬದಲಾಯಿಸಿಲ್ಲ."

ಬೈಯುತ್ತಾರೆ ಎಂದುಕೊಂಡೆ. ಅವರು ಪುಸ್ತಕ ಮುಚ್ಚಿ, ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. "ಬಾರೇ ಇಲ್ಲಿ. ನನ್ನ ಪುಸ್ತಕ ಬಂತು ನೋಡು."

ಅಲ್ಲಿಂದ ಮುಂದೆ ಬಂದವರಿಗೆಲ್ಲ ಅದೇ ಪಾಠ. ವಾಕಿಂಗ್ ಜೊತೆಗಾರರಿಗೆ, ಹಾಲಿನವನಿಗೆ, ಮದುವೆ ಮನೆಯಲ್ಲಿ ಪಕ್ಕದ ಎಲೆಯವರಿಗೆ. ಕೊನೆಗೆ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮಂಚದವರನ್ನೂ ಬಿಡಲಿಲ್ಲವಂತೆ. "ಹುಲ್ಲು ಬೆಳೆಸೋದು ಹೇಗೆ ಗೊತ್ತೇನ್ರೀ? ಮುಟ್ಟಬಾರದು. ಇದನ್ನ ಮೊದಲು ಕಂಡುಹಿಡಿದೋನು ನಾನು" ಎಂದು ಉಸಿರು ಎಳೆದೆಳೆದು ಹೇಳುತ್ತಿದ್ದರಂತೆ. ಅವರ ಹೆಂಡತಿ ಇದನ್ನು ಹೇಳಿ ಕಣ್ಣೊರೆಸಿಕೊಂಡಾಗ ನನಗೆ ನಗು ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡು ಕಾಫಿ ಕುಡಿದೆ.

ಮೊನ್ನೆ ಹೊಸದಾಗಿ ಬಂದ ಒಬ್ಬ ಅಧಿಕಾರಿ ಬಸವನಬೋರೆಯ ಏಪ್ರಿಲ್ ಚಿತ್ರ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. "ಬರೀ ಮಣ್ಣು ಕಾಣ್ತಿದೆಯಲ್ಲ ಮೇಡಂ, ಇಲ್ಲಿ ಒಂದಿಷ್ಟು ಗಿಡ ಹಾಕಿಸೋಣ್ವಾ?" ಅಂದರು. ಮಳೆ, ಬೇರು, ಜಿಂಕೆ, ರಂಗಮ್ಮನ ಕುರಿ, ಎಲ್ಲ ಹೇಳಬಹುದಿತ್ತು. ಹೇಳಿದರೆ ಭಾವನೆ ಅನ್ನುತ್ತಿದ್ದರು. ಕೈಪಿಡಿ ತೆಗೆದು ಮುಂದಿಟ್ಟು, ರಕ್ಷಾಪುಟದ ಹೆಸರು ತೋರಿಸಿದೆ. ಅವರು ಓದಿ, "ಓ, ಇವರ ಜಾಗವಾ?" ಎಂದು ಚಿತ್ರ ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

"ಹೌದು ಸಾರ್, ಇವರದೇ" ಎಂದು ನಾನು ಹೇಳಿದ್ದೆ. ನಾಳೆ ಇನ್ನೊಬ್ಬರು ಬಂದರೆ ಅವರಿಗೂ ಅದನ್ನೇ ಹೇಳುತ್ತೇನೆ.